ಮೊದಲು ನೀರಿಗೆ ದಾರಿ, ಆಮೇಲೆ ಊರಿಗೆ ರಸ್ತೆ

ಬೆಂಗಳೂರಿನಲ್ಲಿ ನಿವೇಶನ ಕೊಳ್ಳಲು ಹೊರಟವರು ವಿಚಾರಿಸುವ ಸಂಗತಿಗಳು ಹೆಚ್ಚುಕಡಿಮೆ ಒಂದೇ. ಖಾತೆ ಎ ಯೋ ಬಿ ಯೋ, ಎದುರಿನ ರಸ್ತೆ ಎಷ್ಟು ಅಡಿ, ಕಾವೇರಿ ಸಂಪರ್ಕ ಇದೆಯೇ, ಮೆಟ್ರೊ ಎಷ್ಟು ದೂರ, ಬಾಗಿಲು ಯಾವ ದಿಕ್ಕಿಗೆ ಬರುತ್ತದೆ. ಜೋರು ಮಳೆ ಹೊಯ್ದಾಗ ಈ ಬೀದಿಯ ನೀರು ಎತ್ತ ಹರಿಯುತ್ತದೆ, ಈ ಜಾಗ ಮೊದಲು ಗದ್ದೆಯಾಗಿತ್ತೋ ಕೆರೆಯಂಗಳವಾಗಿತ್ತೋ ಎಂದು ಕೇಳುವವರು ಅಪರೂಪ. ಕೇಳದೆ ಬಿಟ್ಟ ಆ ಪ್ರಶ್ನೆಗೆ 2022ರ ಸೆಪ್ಟೆಂಬರ್ 5ರ ಆಸುಪಾಸಿನಲ್ಲಿ ಉತ್ತರ ಸಿಕ್ಕಿತು. ಒಂದೇ ರಾತ್ರಿ ಸುರಿದ 130 ಮಿಲಿಮೀಟರಿಗೂ ಹೆಚ್ಚಿನ ಮಳೆಗೆ ಹೊರ ವರ್ತುಲ ರಸ್ತೆ ಹೊಳೆಯಾಯಿತು. ಮಹದೇವಪುರ, ಬೆಳ್ಳಂದೂರು, ಯಮಲೂರು ಸುತ್ತಿನ ಬಡಾವಣೆಗಳ ಜನ ಟ್ರ್ಯಾಕ್ಟರ್, ದೋಣಿ ಹತ್ತಿ ಮನೆಯಿಂದ ಹೊರಬಂದರು. ಅದಾದ ಒಂದೂವರೆ ವರ್ಷಕ್ಕೆ, 2024ರ ಮಾರ್ಚ್‌ನಲ್ಲಿ, ಇದೇ ನಗರ ಟ್ಯಾಂಕರ್ ನೀರಿಗೆ ಕಾದು ನಿಂತಿತ್ತು. ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಅದನ್ನು ಕಟ್ಟಡ ಕಾಮಗಾರಿಗೆ ಬಳಸಿದರೆ 5 ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಬೇಕಾಯಿತು.

ಮುಳುಗಡೆ ಮತ್ತು ಬಾಯಾರಿಕೆ ಎರಡು ಬೇರೆ ಬೇರೆ ವಿಪತ್ತುಗಳಲ್ಲ. ನೆಲಕ್ಕೆ ಇಳಿಯಬೇಕಿದ್ದ ನೀರು ಇಳಿಯಲಿಲ್ಲ, ಅದಕ್ಕೇ ಮಳೆಗಾಲದಲ್ಲಿ ಮನೆಯೊಳಗೆ ಬಂತು, ಬೇಸಿಗೆಯಲ್ಲಿ ನಲ್ಲಿಗೆ ಬರಲಿಲ್ಲ. ಸುಸ್ಥಿರ ನಗರ, ಹಸಿರು ಕಟ್ಟಡ ಎಂಬ ಮಾತುಗಳನ್ನು ಇವತ್ತು ಪ್ರತಿ ಅಪಾರ್ಟ್‌ಮೆಂಟಿನ ಜಾಹೀರಾತಿನಲ್ಲೂ ಕಾಣುತ್ತೇವೆ. ಚಾವಣಿ ಮೇಲೊಂದಿಷ್ಟು ಸೌರಫಲಕ, ಬಾಲ್ಕನಿಯಲ್ಲೊಂದಿಷ್ಟು ಕುಂಡ, ಪ್ರವೇಶದ್ವಾರದಲ್ಲೊಂದು ಪ್ರಮಾಣಪತ್ರ ಇದ್ದರೆ ಸಾಕೆಂಬ ನಂಬಿಕೆ ಬೆಳೆದಿದೆ. ಸಾಲದು. ಕಟ್ಟಡವೊಂದು ಹಸಿರೋ ಅಲ್ಲವೋ ಎಂಬುದು ತಾನು ನಿಂತ ನೆಲದ ಇಳಿಜಾರು, ಅಲ್ಲಿಯ ಬಿಸಿಲು, ಅಲ್ಲಿಯ ಗಾಳಿಯನ್ನು ಅದು ಎಷ್ಟು ಗೌರವಿಸಿದೆ ಎಂಬುದರಿಂದ ತೀರ್ಮಾನವಾಗುತ್ತದೆ. ನಗರದ ವಿಷಯದಲ್ಲೂ ಅಷ್ಟೇ. ಮೊದಲು ನೀರಿನ ದಾರಿ ಗುರುತಿಸಿ, ಆಮೇಲೆ ರಸ್ತೆ ಎಳೆದು, ಕೊನೆಗೆ ನಿವೇಶನ ಹಂಚಬೇಕು. ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ.

ಏಣಿನ ಮೇಲಿನ ಊರು

ಬೆಂಗಳೂರಿಗೆ ನದಿಯಿಲ್ಲ ಎಂದು ಶಾಲೆಯಿಂದಲೂ ಕೇಳುತ್ತ ಬಂದಿದ್ದೇವೆ. ನದಿ ಇಲ್ಲದಿರುವುದಕ್ಕೆ ಕಾರಣ ಊರು ಕುಳಿತಿರುವ ಜಾಗ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರು ಹೆಂಚಿನ ಮನೆಯ ಮಾಡಿನಂತಿದೆ. ನಡುವೆ ಏಣು, ಎರಡೂ ಬದಿಗೆ ಇಳಿಜಾರು. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಕಣಿವೆ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಯ ಕಡೆ ಹೋಗುತ್ತದೆ. ಏಣಿನ ಮೇಲೆ ನೀರು ನಿಲ್ಲುವುದಿಲ್ಲ, ನಿಲ್ಲಿಸಿಕೊಳ್ಳಬೇಕು. ಇಲ್ಲಿ ಮೊದಲು ನೆಲೆಸಿದವರು ಇದನ್ನು ಅರಿತಿದ್ದರು. ಇಳಿಜಾರಿಗೆ ಅಡ್ಡವಾಗಿ ಏರಿ ಕಟ್ಟಿ ಒಂದರ ಕೆಳಗೊಂದು ಕೆರೆ ಮಾಡಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ತೂಬು ಎತ್ತಿ ಇಳಿಸಿ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಂಚಲು ನೀರುಗಂಟಿ ಇರುತ್ತಿದ್ದ.

ಇದು ಕೆರೆಗಳ ಗುಂಪಲ್ಲ, ಒಂದು ವ್ಯವಸ್ಥೆ. ಒಂದು ಕೊಂಡಿ ಕಳಚಿದರೂ ಮೇಲಿನದು ಉಕ್ಕುತ್ತದೆ, ಕೆಳಗಿನದು ಒಣಗುತ್ತದೆ. ನಾವು ಕೊಂಡಿಗಳನ್ನು ಒಂದೊಂದಾಗಿ ಕಳಚಿದೆವು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್‌ನ ಬಸ್ ನಿಲ್ದಾಣ ಬಂತು. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗದ ಆಚರಣೆಗೆಂದು ಉಳಿಸಿದ ಪುಟ್ಟ ಕೊಳವೊಂದೇ ಅಲ್ಲಿ ಕೆರೆಯಿತ್ತೆಂಬುದಕ್ಕೆ ಸಾಕ್ಷಿ. ಚಲ್ಲಘಟ್ಟ ಕೆರೆಯ ಜಾಗ ಗಾಲ್ಫ್ ಮೈದಾನವಾಯಿತು. ಕೆರೆಗಳನ್ನು ಉಳಿಸಿಕೊಳ್ಳಿ ಎಂದು ಎನ್. ಲಕ್ಷ್ಮಣ ರಾವ್ ಅಧ್ಯಕ್ಷತೆಯ ತಜ್ಞರ ಸಮಿತಿ 1980ರ ದಶಕದಲ್ಲೇ ಸರ್ಕಾರಕ್ಕೆ ಹೇಳಿತ್ತು. ಆ ನಂತರವೂ ಉಳಿದ ಕೆರೆಗಳಿಗೆ ಮಳೆನೀರಿನ ಬದಲು ಕೊಳಚೆ ಹರಿಯಿತು. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿದ್ದನ್ನೂ, 2017 ಮತ್ತು 2018ರಲ್ಲಿ ಅದೇ ಕೆರೆಯಂಗಳಕ್ಕೆ ಬೆಂಕಿ ಬಿದ್ದದ್ದನ್ನೂ ದೇಶವೇ ನೋಡಿತು.

ಮಳೆಯ ಲೆಕ್ಕ

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ನಗರದ ವಿಸ್ತೀರ್ಣ 700 ಚದರ ಕಿಲೋಮೀಟರ್ ಎಂದು ಇಟ್ಟುಕೊಂಡರೂ ವರ್ಷಕ್ಕೆ ನಮ್ಮ ತಲೆಯ ಮೇಲೆ ಬೀಳುವ ನೀರು ಸುಮಾರು 24 ಟಿಎಂಸಿ. ಇದನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ 186 ಕೋಟಿ ಲೀಟರ್. ಕಾವೇರಿಯ ಮೊದಲ ನಾಲ್ಕು ಹಂತಗಳಿಂದ ನಗರಕ್ಕೆ ಬರುತ್ತಿದ್ದುದು ದಿನಕ್ಕೆ ಸುಮಾರು 145 ಕೋಟಿ ಲೀಟರ್. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತ ಇದಕ್ಕೆ 77.5 ಕೋಟಿ ಲೀಟರ್ ಸೇರಿಸಿತು.

ಬಿದ್ದ ಮಳೆಯನ್ನೆಲ್ಲ ಹಿಡಿಯಲಾಗದು, ಹಿಡಿಯಲೂಬಾರದು. ಮರಕ್ಕೆ, ಮಣ್ಣಿಗೆ, ಕೆಳಗಿನ ಊರುಗಳ ಕೆರೆಗಳಿಗೆ ಅದರಲ್ಲಿ ಪಾಲಿದೆ. ಆದರೆ ಹಿಡಿದ ಪ್ರತಿ ಸಾವಿರ ಲೀಟರಿನ ಬೆಲೆಯೇನೆಂದು ನೋಡಿ. ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಹೊರಟು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗಿ, ಸುಮಾರು 100 ಕಿಲೋಮೀಟರ್ ಕ್ರಮಿಸಿ, ಸುಮಾರು 500 ಮೀಟರ್ ಮೇಲಕ್ಕೆ ಏರಿ ನಮ್ಮ ಸಂಪಿಗೆ ಬೀಳುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟೆತ್ತರಕ್ಕೆ ಎತ್ತಲು ಭೌತಶಾಸ್ತ್ರದ ನಿಯಮದಂತೆ ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಕು. ಪಂಪಿನಲ್ಲಿ, ಕೊಳವೆಯಲ್ಲಿ ಆಗುವ ನಷ್ಟ ಸೇರಿದರೆ ಎರಡು ಯೂನಿಟ್ ಹತ್ತಿರ ಹೋಗುತ್ತದೆ. ಚಾವಣಿಯ ಮೇಲೆ ಬಿದ್ದ ಮಳೆಗೆ ಈ ಖರ್ಚಿಲ್ಲ. ಅದು ಆಗಲೇ ಮೇಲೇ ಇದೆ.

ಈಗ ಒಂದೇ ಮನೆಯ ಲೆಕ್ಕ. 30–40ರ ನಿವೇಶನದಲ್ಲಿ 100 ಚದರ ಮೀಟರ್ ಚಾವಣಿ ಇದೆ ಎನ್ನೋಣ. ಅದರ ಮೇಲೆ ವರ್ಷಕ್ಕೆ 97 ಸಾವಿರ ಲೀಟರ್ ಮಳೆ ಬೀಳುತ್ತದೆ. ಸೋರಿಕೆ, ಆವಿ, ಮೊದಲ ಮಳೆಯ ಕೊಳೆ ಕಳೆದು ಶೇ 80ರಷ್ಟು ಸಿಕ್ಕರೂ 77 ಸಾವಿರ ಲೀಟರಿಗೆ ಮೋಸವಿಲ್ಲ. ತಲಾ 135 ಲೀಟರಿನಂತೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ ಬೇಕಾಗುವುದು ಸುಮಾರು 1 ಲಕ್ಷ 97 ಸಾವಿರ ಲೀಟರ್. ಅಂದರೆ ಐದರಲ್ಲಿ ಎರಡು ಪಾಲು ಮನೆಯ ಮಾಡಿನಿಂದಲೇ ಬರುತ್ತದೆ. ಇದು ಕಾಗದದ ಮೇಲಿನ ಮಾತಲ್ಲ. ಮಳೆನೀರು ಕೊಯ್ಲಿನ ತಜ್ಞ ಎ.ಆರ್. ಶಿವಕುಮಾರ್ ತಮ್ಮ ಬೆಂಗಳೂರಿನ ಮನೆಯಲ್ಲಿ 1990ರ ದಶಕದಿಂದ ಮಳೆನೀರನ್ನೇ ನೆಚ್ಚಿ ಬದುಕಿ ತೋರಿಸಿದ್ದಾರೆ. ಜಯನಗರದ ಮಳೆನೀರು ಕೊಯ್ಲು ಥೀಮ್ ಪಾರ್ಕ್‌ಗೆ ಹೋದರೆ ಇದರ ಬಗೆಬಗೆಯ ಮಾದರಿಗಳನ್ನು ಯಾರು ಬೇಕಾದರೂ ನೋಡಿ ಬರಬಹುದು.

ಅದೇ ಚಾವಣಿಯನ್ನು ಇನ್ನೊಂದು ಕಡೆಯಿಂದ ನೋಡಿ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ ಆ ಮನೆಯೊಂದರಿಂದಲೇ 5 ಸಾವಿರ ಲೀಟರ್ ನೀರು ಬೀದಿಗೆ ಬೀಳುತ್ತದೆ. ಸಾವಿರ ಮನೆಗಳ ಬಡಾವಣೆಯಿಂದ 50 ಲಕ್ಷ ಲೀಟರ್. ಮೊದಲು ಅದೇ ಜಾಗ ಹೊಲವೋ ತೋಪೋ ಆಗಿದ್ದಾಗ ಮಣ್ಣು ಈ ನೀರಿನ ಬಹುಪಾಲನ್ನು ಕುಡಿಯುತ್ತಿತ್ತು. ಈಗ ಕಾಂಕ್ರೀಟು, ಟೈಲ್ಸು, ಡಾಂಬರು ಹೊದಿಸಿದ ಮೇಲೆ ಹತ್ತರಲ್ಲಿ ಒಂಬತ್ತು ಪಾಲು ಹಾಗೇ ಹರಿದುಹೋಗುತ್ತದೆ. ಎಲ್ಲವೂ ಒಟ್ಟಿಗೆ, ಹತ್ತಿಪ್ಪತ್ತು ನಿಮಿಷಗಳಲ್ಲಿ ರಾಜಕಾಲುವೆಗೆ ನುಗ್ಗುತ್ತದೆ. ಕಾಲುವೆಯ ಅಗಲ ಮಾತ್ರ ಒತ್ತುವರಿಯಿಂದ ಕಿರಿದಾಗಿದೆ. ಪ್ರವಾಹ ತಗ್ಗಿನ ಬಡಾವಣೆಯಲ್ಲಿ ಹುಟ್ಟುವುದಿಲ್ಲ. ಎತ್ತರದ ಬಡಾವಣೆಯ ಚಾವಣಿಗಳಲ್ಲಿ ಹುಟ್ಟಿ ತಗ್ಗಿಗೆ ಇಳಿಯುತ್ತದೆ. ಹಾಗಾಗಿ ಮಳೆನೀರು ಹಿಡಿಯುವುದು ಸ್ವಂತ ನೀರಿನ ಖರ್ಚು ಉಳಿಸುವ ಉಪಾಯವಷ್ಟೇ ಅಲ್ಲ, ಕೆಳಗಿನ ಬೀದಿಯವರ ಮನೆಗೆ ನೀರು ನುಗ್ಗದಂತೆ ನೋಡಿಕೊಳ್ಳುವ ನೆರೆಹೊರೆಯ ಧರ್ಮವೂ ಹೌದು.

2009ರಲ್ಲೇ ಕಾನೂನು ಬಂತು. 30–40 ಮತ್ತು ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಹೊಸದಾಗಿ ಕಟ್ಟುವ ಮನೆಗೆ, 60–40 ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗೆ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಆದರೆ ಕಾನೂನಿನ ಕಾಟ ತಪ್ಪಿಸಿಕೊಳ್ಳಲು ನಾಲ್ಕು ಅಡಿಯ ಗುಂಡಿ ತೋಡಿ, ಜಲ್ಲಿ ಸುರಿದು, ಪೈಪು ತೋರಿಸಿ ಕೈತೊಳೆದುಕೊಂಡವರು ಬಹಳ. ಇಂಗುಬಾವಿಯ ಕೆಲಸ ಬೇರೆಯೇ. ಮೂರು ಅಡಿಯಿಂದ ಐದು ಅಡಿ ಅಗಲ, 20ರಿಂದ 30 ಅಡಿ ಆಳ. ಒಂದರ ಮೇಲೊಂದು ಸಿಮೆಂಟ್ ಬಳೆ ಇಳಿಸುತ್ತಾರೆ. ಬಳೆಗಳ ನಡುವಿನ ಸಂದಿಗೆ ಗಾರೆ ಮೆತ್ತುವುದಿಲ್ಲ, ತಳಕ್ಕೆ ಕಾಂಕ್ರೀಟು ಹಾಕುವುದಿಲ್ಲ, ನೀರು ಬದಿಯಿಂದಲೂ ತಳದಿಂದಲೂ ಇಂಗಬೇಕು. ಮೇಲಿನ ಬಿಗಿ ಮಣ್ಣಿನ ಪದರ ದಾಟಿ, ಶಿಥಿಲಗೊಂಡ ಕಲ್ಲಿನ ಸಡಿಲ ಪದರ ಸಿಕ್ಕುವವರೆಗೆ ತೋಡಿದರೆ ಮಾತ್ರ ಬಾವಿ ನೀರು ಕುಡಿಯುತ್ತದೆ. ಯಾವ ಬಣ್ಣದ ಮಣ್ಣು ಬಂದಾಗ ಇನ್ನೆಷ್ಟು ಅಡಿ ಇಳಿಯಬೇಕು ಎಂದು ಬರಿಗಣ್ಣಿನಲ್ಲಿ ಹೇಳಬಲ್ಲವರು ಮಣ್ಣುವಡ್ಡರು. ತಲೆಮಾರುಗಳಿಂದ ಕೆರೆ, ಬಾವಿ ತೋಡಿದ ಸಮುದಾಯ ಇದು. ಕೊಳವೆಬಾವಿ ಬಂದಮೇಲೆ ಕೆಲಸ ಕಳೆದುಕೊಂಡಿದ್ದ ಇವರಿಗೆ ಇಂಗುಬಾವಿಗಳು ಮತ್ತೆ ಕೆಲಸ ತಂದಿವೆ. ಕಬ್ಬನ್ ಪಾರ್ಕ್‌ನ ಹಳೆಯ ತೆರೆದ ಬಾವಿಗಳ ಹೂಳೆತ್ತಿ ಮತ್ತೆ ನೀರು ಕಾಣಿಸಿದ ಕೈಗಳೂ ಇವರವೇ. ನಗರದ ಜಲಯೋಜನೆಯ ಸಭೆಗಳಲ್ಲಿ ಎಂಜಿನಿಯರುಗಳ ಪಕ್ಕದಲ್ಲಿ ಇವರಿಗೂ ಕುರ್ಚಿ ಇರಬೇಕು.

ಬಿಸಿಲಿನ ಲೆಕ್ಕ

ನೀರಿನಷ್ಟೇ ಮುಖ್ಯ ಬಿಸಿಲು. ಬೆಂಗಳೂರು ಇರುವುದು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರದಲ್ಲಿ. ಹೀಗಾಗಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿದಾಗಲೂ ನಡುಹಗಲಿಗೆ 53 ಡಿಗ್ರಿ ಎತ್ತರ ಬಿಟ್ಟು ಕೆಳಗಿಳಿಯುವುದಿಲ್ಲ. ಆದ್ದರಿಂದ ದಕ್ಷಿಣದ ಕಿಟಕಿಗೆ ಎರಡು ಅಡಿಯ ಸಜ್ಜಾ ಇದ್ದರೆ, ಡಿಸೆಂಬರಿನ ಮಧ್ಯಾಹ್ನವೂ ಕಿಟಕಿಯ ಮೇಲಿನ ಎರಡೂವರೆ ಅಡಿ ನೆರಳಲ್ಲಿರುತ್ತದೆ. ಉತ್ತರದ ಕಿಟಕಿಯಂತೂ ವರ್ಷದ ಹೆಚ್ಚಿನ ಕಾಲ ಉರಿಯಿಲ್ಲದ ಬೆಳಕನ್ನು ಕೊಡುತ್ತದೆ. ಕಷ್ಟ ಇರುವುದು ಪಶ್ಚಿಮದಲ್ಲಿ. ಸಂಜೆ ನಾಲ್ಕರ ಸೂರ್ಯ ತಗ್ಗಿನಿಂದ ನೇರ ಒಳಗೆ ನುಗ್ಗುತ್ತಾನೆ, ಸಜ್ಜಾ ಅಲ್ಲಿ ಕೆಲಸಕ್ಕೆ ಬಾರದು. ಅದಕ್ಕೆ ಜಾಲಂಧ್ರ ಬೇಕು, ಅಥವಾ ಹೊರಗೊಂದು ಹೊಂಗೆ ಮರ ಬೇಕು, ಇಲ್ಲವೇ ಮೆಟ್ಟಿಲು, ಬಚ್ಚಲು, ಉಗ್ರಾಣದಂಥ ಕೋಣೆಗಳನ್ನು ಆ ಬದಿಗೆ ಹಾಕಬೇಕು.

ಇಷ್ಟನ್ನು ಅರಿತವರು ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಗೋಡೆ ಕಟ್ಟುವುದಿಲ್ಲ. ಬಿಸಿಲಿಗೆ ಎದುರಾಗಿ ನಿಂತ ಒಂದು ಚದರ ಮೀಟರ್ ಪಶ್ಚಿಮ ಗೋಡೆಯ ಮೇಲೆ ಸಂಜೆಯ ಹೊತ್ತು 600 ವ್ಯಾಟ್‌ನಷ್ಟು ಶಾಖ ಬೀಳಬಹುದು. ಸಾಮಾನ್ಯ ಗಾಜು ಅದರ ಬಹುಭಾಗವನ್ನು ಒಳಗೆ ಬಿಡುತ್ತದೆ, ಆಮೇಲೆ ಹೊರಗೆ ಹೋಗಗೊಡುವುದಿಲ್ಲ. ಬೇಸಿಗೆಯ ಕೆಲವು ವಾರ ಬಿಟ್ಟರೆ ಫ್ಯಾನಿನ ಗಾಳಿಯಲ್ಲೇ ಕೆಲಸ ಮಾಡಬಹುದಾದ ಊರು ಇದು. ಇಂಥ ಕಡೆ ಮೇಲಿನಿಂದ ಕೆಳಗಿನವರೆಗೆ ಗಾಜು ಹೊದ್ದ, ತೆರೆಯಲು ಒಂದು ಕಿಟಕಿಯೂ ಇಲ್ಲದ ಕಚೇರಿ ಕಟ್ಟಿ, ವರ್ಷವಿಡೀ ಎಸಿ ಓಡಿಸಿ, ಅದರ ಬಿಸಿಗಾಳಿಯನ್ನು ಬೀದಿಗೆ ಬಿಡುತ್ತಿದ್ದೇವೆ. ಬೀದಿ ಬಿಸಿಯಾದಷ್ಟೂ ಪಕ್ಕದ ಮನೆಯವರಿಗೂ ಎಸಿ ಬೇಕೆನಿಸುತ್ತದೆ.

ಬೇರೆ ದಾರಿ ಇದೆ ಎನ್ನಲು ದೊಮ್ಮಲೂರಿನ ಟೇರಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನು ನೋಡಬೇಕು. ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸ ಮಾಡಿದ ಈ ಕಟ್ಟಡಕ್ಕೆ ಸಿಕ್ಕಿದ್ದು ತೊಡಕಿನ ಜಾಗ. ಒಂದು ಬದಿಗೆ ನಾರುವ ಮೋರಿ, ಗಾಳಿ ಬೀಸುವುದೂ ಆ ಕಡೆಯಿಂದಲೇ. ಕಿಟಕಿ ತೆರೆದರೆ ದುರ್ನಾತ, ಮುಚ್ಚಿದರೆ ಉಸಿರುಗಟ್ಟುವಿಕೆ. ಎಲ್ಲ ಮುಚ್ಚಿ ಎಸಿ ಹಾಕುವುದು ಸುಲಭವಾಗಿತ್ತು. ಮೋಹೆ ಮಾಡಿದ್ದು ಇಷ್ಟು: ಮೋರಿ ಇದ್ದ ದಕ್ಷಿಣದ ಬದಿಗೆ ಕಿಟಕಿಯಿಲ್ಲದ ಜೋಡಿ ಗೋಡೆ ಎಬ್ಬಿಸಿ, ಎರಡರ ನಡುವೆ ಟೊಳ್ಳು ಜಾಗ ಬಿಟ್ಟರು. ಬಿಸಿಲಿಗೆ ಹೊರಗೋಡೆ ಕಾಯುತ್ತದೆ, ಟೊಳ್ಳಿನೊಳಗಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಹೋಗುತ್ತದೆ. ಹೋದ ಗಾಳಿಯ ಜಾಗ ತುಂಬಲು ಉತ್ತರದ ತೆರೆದ ಬದಿಯಿಂದ ತಂಪು ಗಾಳಿ ಕೋಣೆಗಳನ್ನು ಹಾದು ಬರುತ್ತದೆ. ಬೀಸುವ ಗಾಳಿಯ ದಿಕ್ಕನ್ನೇ ಬಿಸಿಲಿನ ಬಲದಿಂದ ತಿರುಗಿಸಿದ ವಿನ್ಯಾಸ ಇದು. ಮೇಲಿನಿಂದ ಬರುವ ಬೆಳಕು ಹಗಲಿನ ದೀಪದ ಖರ್ಚನ್ನು ಇಳಿಸುತ್ತದೆ, ಚಾವಣಿಯ ತೋಟ ಕೆಳಗಿನ ಕೋಣೆಗಳನ್ನು ತಂಪಾಗಿಡುತ್ತದೆ. ಇದರಲ್ಲಿ ದುಬಾರಿ ಯಂತ್ರವಿಲ್ಲ. ಇರುವುದು ಜಾಗವನ್ನು ಕೂತು ಗಮನಿಸಿದ ತಾಳ್ಮೆ.

ಈ ತಾಳ್ಮೆಯನ್ನು ನಿಯಮವಾಗಿ ಬರೆಯುವ ಪ್ರಯತ್ನವೂ ಆಗಿದೆ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ 2018ರಲ್ಲಿ ವಸತಿ ಕಟ್ಟಡಗಳಿಗೆಂದು ‘ಇಕೋ ನಿವಾಸ್ ಸಂಹಿತೆ’ ತಂದಿತು. ಗೋಡೆ, ಕಿಟಕಿಗಳ ಮೂಲಕ ಒಳಬರುವ ಶಾಖ ಚದರ ಮೀಟರಿಗೆ ಸರಾಸರಿ 15 ವ್ಯಾಟ್ ಮೀರಬಾರದು ಎನ್ನುತ್ತದೆ ಅದು. ಗೋಡೆ ಯಾವುದರಿಂದ ಕಟ್ಟಿದ್ದು, ಗಾಜು ಎಷ್ಟು, ನೆರಳು ಎಷ್ಟು, ಕಿಟಕಿ ಯಾವ ದಿಕ್ಕಿಗೆ ಎಂಬುದೆಲ್ಲ ಈ ಒಂದು ಅಂಕಿಯಲ್ಲಿ ಸೇರಿದೆ. ನಕ್ಷೆ ಮಂಜೂರಾತಿಯ ಹೊತ್ತಿಗೆ ಈ ಅಂಕಿಯನ್ನು ಕಟ್ಟುನಿಟ್ಟಾಗಿ ಕೇಳಿದರೆ ಗಾಜಿನ ಮೋಹ ತಾನಾಗಿ ಇಳಿಯುತ್ತದೆ.

ಬೀದಿಯನ್ನು ತಂಪಾಗಿಡುವ ಕೆಲಸ ಮರದ್ದು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ನಗರದ ಬೀದಿಗಳಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ಇವತ್ತು ನಮಗೆ ಸಿಗುವ ನೆರಳಿನಲ್ಲಿ ಬಹುಪಾಲು ಆ ಕಾಲದ್ದು. ಆ ನೆರಳಿನ ಬೆಲೆಯನ್ನು ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಬೀದಿಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದರು. ಮರವಿಲ್ಲದ ರಸ್ತೆಗೆ ಹೋಲಿಸಿದರೆ ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣಾಂಶ 5.6 ಡಿಗ್ರಿಯವರೆಗೂ, ಡಾಂಬರಿನ ಮೈಯ ಉಷ್ಣಾಂಶ 27.5 ಡಿಗ್ರಿಯವರೆಗೂ ಕಡಿಮೆ ಇತ್ತು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಊರಿಗೆ ಈ ಐದು ಡಿಗ್ರಿ ಸಣ್ಣದಲ್ಲ. ತಳ್ಳುಗಾಡಿಯಲ್ಲಿ ತರಕಾರಿ ಮಾರುವವರಿಗೆ, ಬಸ್ಸಿಗೆ ಕಾಯುವವರಿಗೆ, ಪೌರಕಾರ್ಮಿಕರಿಗೆ ಇರುವ ಏಕೈಕ ಎಸಿ ಅದು. ರಸ್ತೆ ಅಗಲಿಸಲು ನಲವತ್ತು ವರ್ಷದ ಮರ ಕಡಿದು, ಬದಲಿಗೆ ಊರ ಹೊರಗೆ ಹತ್ತು ಸಸಿ ನೆಡುತ್ತೇವೆ ಎಂದರೆ ಲೆಕ್ಕ ಸರಿಹೋಗುವುದಿಲ್ಲ. ನೆರಳು ಬೇಕಾಗಿರುವುದು ಈ ಬೀದಿಯಲ್ಲಿ, ಈ ಬೇಸಿಗೆಯಲ್ಲಿ.

ಅಡಿಪಾಯದ ಮಣ್ಣೇ ಗೋಡೆ

ಕಟ್ಟಡ ಬಳಕೆಗೆ ಬಂದಮೇಲೆ ಉರಿಯುವ ವಿದ್ಯುತ್ತಿನ ಬಗ್ಗೆ ಮಾತಾಡುತ್ತೇವೆ. ಕಟ್ಟುವ ಮೊದಲೇ ಅದಕ್ಕಾಗಿ ಉರಿದ ಕಲ್ಲಿದ್ದಲು, ಸೌದೆಯ ಮಾತು ಬರುವುದೇ ಇಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇ 7ರಿಂದ 8ರಷ್ಟು ಸಿಮೆಂಟಿನ ತಯಾರಿಕೆಯಿಂದಲೇ ಬರುತ್ತದೆ. ಸುಟ್ಟ ಇಟ್ಟಿಗೆಗೆ ಹೊಲದ ಮೇಲ್ಮಣ್ಣೂ ಹೋಗುತ್ತದೆ, ಉರುವಲೂ ಹೋಗುತ್ತದೆ.

ಇದಕ್ಕೆ ಪರಿಹಾರ ಹುಡುಕಿದವರು ನಮ್ಮ ಊರಿನವರೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸುವುದು ಅದರ ಗುರಿ. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಹೋದ್ಯೋಗಿಗಳು ಮಣ್ಣಿನ ಅಚ್ಚು ಇಟ್ಟಿಗೆಯನ್ನು ಶಾಸ್ತ್ರೀಯವಾಗಿ ಬೆಳೆಸಿದರು. ಮಣ್ಣಿನಲ್ಲಿ ಜೇಡಿ ಹೆಚ್ಚಿದ್ದರೆ ಮರಳು ಬೆರೆಸಿ, ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಸೇರಿಸಿ, ಹದವಾಗಿ ನೀರು ಚಿಮುಕಿಸಿ, ಕೈಯಲ್ಲಿ ಒತ್ತುವ ಯಂತ್ರದಲ್ಲಿ ಅದುಮುತ್ತಾರೆ. ನೆರಳಿನಲ್ಲಿಟ್ಟು ಎರಡು ಮೂರು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಗೂಡಿಲ್ಲ, ಬೆಂಕಿಯಿಲ್ಲ. ಮನೆಯ ಅಡಿಪಾಯಕ್ಕೆ, ಸಂಪಿಗೆ ತೋಡಿದ ಮಣ್ಣೇ ಗೋಡೆಯಾಗುವುದರಿಂದ ಲಾರಿಯೂ ಬೇಡ. ಚಿತ್ರಾ ವಿಶ್ವನಾಥ್ ಅವರಂಥ ವಾಸ್ತುಶಿಲ್ಪಿಗಳು ಇದೇ ಇಟ್ಟಿಗೆಯಲ್ಲಿ ಬೆಂಗಳೂರಿನಲ್ಲಿ ನೂರಾರು ಮನೆ ಕಟ್ಟಿದ್ದಾರೆ. ಮಣ್ಣಿನ ಮನೆ ಬಡವರ ಮನೆ ಎಂಬ ಹಳೆಯ ತಾತ್ಸಾರವನ್ನು ನಾವು ಬಿಡಬೇಕಿದೆ.

ಬಳಸಿದ ನೀರಿಗೂ ದಾರಿ

ಮನೆಗೆ ಬಂದ ನೀರಿನ ಶೇ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ. ಅದಕ್ಕೊಂದು ಒಳ್ಳೆಯ ದಾರಿ ತೋರಿಸಿದ ಕೆರೆ ಜಕ್ಕೂರಿನದು. ಸುಮಾರು 160 ಎಕರೆಯ ಈ ಕೆರೆಯ ಮೇಲ್ಭಾಗದಲ್ಲಿ ಜಲಮಂಡಳಿಯ ಶುದ್ಧೀಕರಣ ಘಟಕವಿದೆ. ಅಲ್ಲಿ ಸಂಸ್ಕರಿಸಿದ ನೀರು ನೇರ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು, ಆಪು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಹರಿಯುತ್ತದೆ. ಘಟಕದಲ್ಲಿ ಉಳಿದುಹೋದ ಸಾರಜನಕ, ರಂಜಕಗಳನ್ನು ಆ ಗಿಡಗಳು ಹೀರುತ್ತವೆ, ಬೇರುಗಳಲ್ಲಿರುವ ಸೂಕ್ಷ್ಮಜೀವಿಗಳು ಉಳಿದ ಕಸವನ್ನು ಕರಗಿಸುತ್ತವೆ. ಅಲ್ಲಿಂದ ಕೆರೆ, ಕೆರೆಯಿಂದ ನೆಲ, ನೆಲದಿಂದ ಸುತ್ತಲಿನ ಬಾವಿ. ಬೇಸಿಗೆಯಲ್ಲೂ ಕೆರೆಯಲ್ಲಿ ನೀರು ಇರುತ್ತದೆ, ಮೀನುಗಾರರಿಗೆ ದುಡಿಮೆ ಇರುತ್ತದೆ, ಹಕ್ಕಿಗಳು ಬರುತ್ತವೆ. ಕೋಡಿ ಬಿದ್ದದ್ದು ಕೆಳಗಿನ ರಾಚೇನಹಳ್ಳಿ ಕೆರೆಗೆ ಹೋಗುತ್ತದೆ. ಜಲಮಂಡಳಿಯ ಯಂತ್ರ, ಜೌಗಿನ ಗಿಡ, ಹಳೆಯ ಕೆರೆಯ ಏರಿ, ಕಾವಲು ನಿಂತ ಸ್ಥಳೀಯರು ಸೇರಿ ನಡೆಸಿದ ಕೆಲಸ ಇದು.

ಇದೇ ವಿಚಾರದ ದೊಡ್ಡ ರೂಪ ಕೆ.ಸಿ. ವ್ಯಾಲಿ ಯೋಜನೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಕಳಿಸಲಾಗುತ್ತಿದೆ. ಬತ್ತಿದ್ದ ಕೆರೆಗಳು ತುಂಬಿವೆ, ಅಂತರ್ಜಲ ಏರಿದೆ. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಕೋಲಾರದ ಜನ ಕೇಳುತ್ತಿರುವುದೂ ನ್ಯಾಯವಾದದ್ದೇ. ನಾವು ಕುಡಿಯಲು ಹಿಂಜರಿಯುವ ಗುಣಮಟ್ಟದ ನೀರು ಅವರ ಬಾವಿಗಳ ಮೂಲವಾಗಬಾರದು. ನಗರ ತನ್ನ ಬಳಸಿದ ನೀರನ್ನು ಕೊಡುವಾಗ ಶುದ್ಧವಾಗಿ ಕೊಡುವುದು ಉಪಕಾರವಲ್ಲ, ಹೊಣೆ.

ಕಣಿವೆಯ ಲೆಕ್ಕ ಇಡುವವರು ಯಾರು?

ಒಳ್ಳೆಯ ಮನೆ, ಒಳ್ಳೆಯ ಕಚೇರಿ, ಒಳ್ಳೆಯ ಕೆರೆ ಬಿಡಿಬಿಡಿಯಾಗಿ ನಮ್ಮಲ್ಲಿವೆ. ಇಲ್ಲದಿರುವುದು ಇವನ್ನು ಜೋಡಿಸುವ ಯೋಜನೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20 ಸಾವಿರ ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ ಪರಿಸರ ಪೂರ್ವಾನುಮತಿ ಬೇಕು. ಪ್ರತಿ ಯೋಜನೆಯೂ ತನ್ನ ಆವರಣದೊಳಗಿನ ಲೆಕ್ಕ ಕೊಟ್ಟು ಅನುಮತಿ ಪಡೆಯುತ್ತದೆ. ಒಂದೇ ಕಣಿವೆಯಲ್ಲಿ ಇಂಥ ಐವತ್ತು ಯೋಜನೆ ಬಂದರೆ ಕೆಳಗಿನ ಕೆರೆಯ ಗತಿಯೇನು ಎಂದು ಒಟ್ಟು ಕೂಡಿಸಿ ನೋಡುವ ಹೊಣೆ ಯಾರ ಮೇಲೂ ಗಟ್ಟಿಯಾಗಿ ಬಿದ್ದಿಲ್ಲ. ಮಿತಿಗಿಂತ ಕೆಳಗಿನ ಸಾವಿರಾರು ಕಟ್ಟಡಗಳು ಈ ಪ್ರಶ್ನೆಯನ್ನೇ ಎದುರಿಸುವುದಿಲ್ಲ.

ಕೆರೆಯ ಸುತ್ತ ಏನೂ ಕಟ್ಟದೆ ಬಿಡಬೇಕಾದ ಮೀಸಲು ವಲಯದ ಕತೆಯೂ ಇದೇ. ಅಗರ–ಬೆಳ್ಳಂದೂರು ಕೆರೆಗಳ ನಡುವಿನ ಕಾಮಗಾರಿಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಸುತ್ತ 75 ಮೀಟರ್ ಬಿಡಬೇಕೆಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿ, ನಗರದ ಮಹಾಯೋಜನೆಯಲ್ಲಿ ಇರುವುದೇ ಅನ್ವಯ ಎಂದಿತು. ಮಹಾಯೋಜನೆಯಲ್ಲಿ ಇದ್ದುದು 30 ಮೀಟರ್. 2007ರಲ್ಲಿ ಒಪ್ಪಿಗೆ ಪಡೆದ ಆ ಯೋಜನೆ 2015ರವರೆಗಿನ ಬೆಳವಣಿಗೆಗೆ ಬರೆದದ್ದು. 2031ರ ಕರಡು 2017ರಲ್ಲಿ ಹೊರಬಂದು, ಆಮೇಲೆ ವಾಪಸಾಯಿತು. ಅಂದರೆ 2015ರಿಂದ ಈಚೆಗೆ ಐಟಿ ನಗರ ಹಿಗ್ಗಿದ ಅಷ್ಟೂ ವರ್ಷ ನಾವು ಅವಧಿ ಮೀರಿದ ನಕ್ಷೆ ಹಿಡಿದು ಕಟ್ಟುತ್ತಿದ್ದೇವೆ.

ಹೇಗೆ ಯೋಜಿಸಬೇಕೆಂಬುದು ಗೊತ್ತಿಲ್ಲದ ವಿದ್ಯೆಯೇನಲ್ಲ. ಭೂದೃಶ್ಯ ವಿನ್ಯಾಸಕ ಇಯಾನ್ ಮೆಕ್‌ಹಾರ್ಗ್ 1969ರ ತಮ್ಮ ‘ಡಿಸೈನ್ ವಿತ್ ನೇಚರ್’ ಪುಸ್ತಕದಲ್ಲಿ ಒಂದು ವಿಧಾನ ಕೊಟ್ಟರು. ಪಾರದರ್ಶಕ ಹಾಳೆಗಳ ಮೇಲೆ ಇಳಿಜಾರು ಒಂದರಲ್ಲಿ, ಮಣ್ಣು ಇನ್ನೊಂದರಲ್ಲಿ, ನೀರಿನ ಹರಿವು, ಕಾಡು ಮತ್ತೊಂದರಲ್ಲಿ ಬರೆದು, ಉಳಿಸಬೇಕಾದ್ದಕ್ಕೆ ಗಾಢ ಬಣ್ಣ ಬಳಿಯುವುದು. ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಎಲ್ಲಿ ಕಟ್ಟಬಾರದು ಎಂಬುದು ಕಪ್ಪಾಗಿ ಕಾಣುತ್ತದೆ. ತಿಳಿಯಾಗಿ ಉಳಿದ ಜಾಗದಲ್ಲಿ ಊರು. ಇವತ್ತು ಉಪಗ್ರಹ ಚಿತ್ರ, ಹಳೆಯ ಗ್ರಾಮನಕ್ಷೆ, ಕಂಪ್ಯೂಟರುಗಳಿಂದ ಈ ಕೆಲಸ ಇನ್ನೂ ಸುಲಭ. ಇಚ್ಛೆ ಬೇಕು, ಅಷ್ಟೇ.

2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ನಗರ ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ಮಳೆನೀರು ಪಾಲಿಕೆಯ ಗಡಿ ನೋಡಿ ಹರಿಯುವುದಿಲ್ಲ. ಆದ್ದರಿಂದ ಮುಂದಿನ ಮಹಾಯೋಜನೆಯನ್ನು ವಾರ್ಡಿನಿಂದಲ್ಲ, ಕಣಿವೆಯಿಂದ ಶುರುಮಾಡಬೇಕು. ಪ್ರತಿ ಕಣಿವೆಗೂ ಎಷ್ಟು ನೀರು ಬೀಳುತ್ತದೆ, ಎಷ್ಟು ಇಂಗಬೇಕು, ಎಷ್ಟು ಮಾತ್ರ ಕಾಲುವೆಗೆ ಬಿಡಬಹುದು ಎಂಬ ಲೆಕ್ಕಪುಸ್ತಕ ಇರಬೇಕು. ಹೊಸ ಕಟ್ಟಡವೊಂದಕ್ಕೆ ಅನುಮತಿ ಕೊಡುವಾಗ ಆ ಪುಸ್ತಕದಲ್ಲಿ ಅದರ ಪಾಲನ್ನು ಬರೆಯಬೇಕು, ಕಣಿವೆಯ ಪಾಲು ತೀರಿದಲ್ಲಿ ಅನುಮತಿ ನಿಲ್ಲಬೇಕು. ರಾಜಕಾಲುವೆಯ ಅಳತೆಯನ್ನು ನಾಳೆಯ ಮಳೆಗೆ ತಕ್ಕಂತೆ ಮೊದಲು ಗುರುತಿಸಿ, ಆ ಗೆರೆಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಕೊಳ್ಳುವವರಿಗೆ ಖಾತೆಯ ಜೊತೆಗೆ ಆ ಜಾಗದ ನೀರಿನ ಚರಿತ್ರೆಯೂ ಸಿಗಬೇಕು. ಒತ್ತುವರಿ ತೆರವು ಬಡವರ ಗುಡಿಸಲಿನಿಂದ ಶುರುವಾಗಿ ಶ್ರೀಮಂತರ ಗೇಟಿನ ಮುಂದೆ ನಿಲ್ಲುವ ಅನ್ಯಾಯ ಕೊನೆಯಾಗಬೇಕು.

ಈ ಮಾತು ಬೆಂಗಳೂರಿಗಷ್ಟೇ ಅಲ್ಲ. ಮೈಸೂರು, ತುಮಕೂರು, ಹುಬ್ಬಳ್ಳಿ–ಧಾರವಾಡ, ಶಿವಮೊಗ್ಗಗಳು ವೇಗವಾಗಿ ಹಿಗ್ಗುತ್ತಿವೆ. ಅಲ್ಲೆಲ್ಲ ಕೆರೆಗಳು, ಕಾಲುವೆಗಳು, ಬೀದಿಮರಗಳು ಇನ್ನೂ ಸಾಕಷ್ಟು ಉಳಿದಿವೆ. ಕಳೆದುಕೊಂಡ ಕೆರೆಯನ್ನು ಮರಳಿ ಪಡೆಯಲು ಬೆಂಗಳೂರು ಕೋಟಿಗಟ್ಟಲೆ ಸುರಿಯುತ್ತಿದೆ, ಆದರೂ ಬಸ್ ನಿಲ್ದಾಣದಡಿ ಹೋದದ್ದು ಬರುವುದಿಲ್ಲ. ಉಳಿದಿರುವುದನ್ನು ಉಳಿಸಿಕೊಳ್ಳಲು ಆ ಊರುಗಳಿಗೆ ಬೇಕಾಗಿರುವುದು ಹಣಕ್ಕಿಂತ ಹೆಚ್ಚಾಗಿ ಒಂದು ಶಿಸ್ತು: ಹೊಸ ಬಡಾವಣೆಯ ನಕ್ಷೆ ಮೇಜಿಗೆ ಬಂದ ದಿನ, ರಸ್ತೆಯ ಅಗಲ ಕೇಳುವ ಮೊದಲು ನೀರಿನ ದಾರಿ ಕೇಳುವುದು. ಆ ಪ್ರಶ್ನೆಯನ್ನು ಅಧಿಕಾರಿಗಳು ಕೇಳದಿದ್ದರೆ ನಗರಸಭೆಯ ಸದಸ್ಯರು ಕೇಳಲಿ, ಅವರೂ ಕೇಳದಿದ್ದರೆ ನಿವೇಶನಕ್ಕೆ ಮುಂಗಡ ಕೊಡುವ ಮುನ್ನ ನಾವು ಕೇಳೋಣ. ಉತ್ತರ ಸಿಗದ ಜಾಗವನ್ನು ಕೊಳ್ಳದಿರೋಣ.